ಲಿಸ್ಬನ್‌ನಲ್ಲಿ ಮೂರು ದಿನ, ಮತ್ತು ಒಂದು ಹಳೆಯ ಪ್ರಶ್ನೆ

ಮೂರು ದಶಕಗಳಿಗೂ ಮಿಕ್ಕಿ ಸಮಾಜ ವಿಜ್ಞಾನವನ್ನು ಬೋಧಿಸಿದ ನನ್ನಂಥವನಿಗೆ ಕೆಲವು ಇಸವಿಗಳು ನೆರೆಮನೆಯವರಷ್ಟೇ ಪರಿಚಿತ. 1498, 1510, 1565. ನಡುರಾತ್ರಿ ಎಬ್ಬಿಸಿ ಕೇಳಿದರೂ ಇವುಗಳ ಮುಂದೆ ಏನು ಬರೆಯಬೇಕೆಂದು ಹೇಳಬಲ್ಲೆ. ನಿದ್ದೆಗಣ್ಣಿನಲ್ಲಿ ಕೇಳದೆಯೇ ಹೇಳಿದ್ದೂ ಉಂಟು ಎಂದು ನನ್ನಾಕೆ ಚೇಷ್ಟೆ ಮಾಡುತ್ತಾಳೆ. ಆದರೆ 'ವಾಸ್ಕೋ ಡ ಗಾಮನು ಲಿಸ್ಬನ್‌ನಿಂದ ಹೊರಟನು' ಎಂಬ ವಾಕ್ಯವನ್ನು ಅಷ್ಟು ವರ್ಷ ಬರೆಯಿಸಿದ ನಾನು, ಆ ಲಿಸ್ಬನ್ ಎಂಬುದು ಏರು ಇಳಿಜಾರುಗಳಿರುವ, ಒಗೆದ ಬಟ್ಟೆಗಳನ್ನು ಕಿಟಕಿಯಿಂದಾಚೆ ಒಣಹಾಕಿರುವ, ಮುದುಕಿಯರು ಹೊಸ್ತಿಲಲ್ಲಿ ಕುಳಿತು ಹೋಗಿಬರುವವರನ್ನು ದಿಟ್ಟಿಸುವ ಒಂದು ಊರು ಎಂದು ಒಮ್ಮೆಯೂ ಯೋಚಿಸಿದವನಲ್ಲ. 2023ರ ಅಕ್ಟೋಬರಿನಲ್ಲಿ ಜರ್ಮನಿಯಲ್ಲಿರುವ ಮಗಳ ಮನೆಗೆ ನಾವಿಬ್ಬರೂ ಹೋಗಿದ್ದಾಗ ಆಕೆ, "ಅಪ್ಪಾ, ನಿಮಗ ಪ್ಯಾರಿಸ್ ತೋರಸ್ಲೋ, ರೋಮ್ ತೋರಸ್ಲೋ?" ಎಂದು ಕೇಳಿದಳು. ನಾನು ಹಿಂದುಮುಂದು ನೋಡದೆ ಲಿಸ್ಬನ್ ಎಂದೆ. ಆಕೆಗೆ ಆಶ್ಚರ್ಯವಾಗಲಿಲ್ಲ. ಹತ್ತನೆಯ ತರಗತಿಯಲ್ಲಿ ಅವಳೂ ನನ್ನ ವಿದ್ಯಾರ್ಥಿನಿಯೇ ಆಗಿದ್ದವಳು.

ಮೂರು ದಿನದ ಪ್ರವಾಸದಲ್ಲಿ ಒಂದು ದೇಶದ ರಾಜಧಾನಿಯನ್ನು ಕಂಡೆನೆನ್ನುವುದು ದುಡುಕಿನ ಮಾತಾದೀತು. ಆದ್ದರಿಂದ ನೋಡಿದ್ದೆಲ್ಲವನ್ನೂ ಬರೆಯಹೋಗುವುದಿಲ್ಲ.

ಊರು ಏಳು ಬೆಟ್ಟಗಳ ಮೇಲಿದೆಯೆಂದು ಅಲ್ಲಿಯವರು ಹೇಳುತ್ತಾರೆ. ನನ್ನ ಮೊಣಕಾಲುಗಳನ್ನು ಕೇಳಿದರೆ ಎಪ್ಪತ್ತು ಎಂದಾವು. ಕಾಲುದಾರಿಗಳಿಗೆಲ್ಲ ಬಿಳಿಯ ಸುಣ್ಣಕಲ್ಲು ಮತ್ತು ಕರಿಕಲ್ಲಿನ ಚಿಕ್ಕ ಚಿಕ್ಕ ತುಂಡುಗಳನ್ನು ಕೈಯಿಂದಲೇ ಜೋಡಿಸಿ, ಅಲೆಗಳ ಹಾಗೆ, ಬಳ್ಳಿಗಳ ಹಾಗೆ ಚಿತ್ತಾರ ಬಿಡಿಸಿದ್ದಾರೆ. ನೋಡಲು ರಂಗೋಲಿಯಂತೆ ಸೊಗಸು. ಮಳೆ ಬಿದ್ದರೆ ಜಾರುವುದೂ ಅಷ್ಟೇ ಸೊಗಸು. ಹಳದಿ ಬಣ್ಣದ ಪುಟ್ಟ ಟ್ರಾಮ್ ಗಾಡಿಗಳು ಗೋಡೆಗೆ ಮೈ ಉಜ್ಜುವಷ್ಟು ಕಿರಿದಾದ ಓಣಿಗಳಲ್ಲಿ ಕಿರುಗುಟ್ಟುತ್ತ ಏರುತ್ತವೆ. ಊರಿನ ಕೆಳಗೆ ತೇಜೋ ನದಿ. ಸಮುದ್ರ ಸೇರುವ ಮೊದಲು ಅದು ಎಷ್ಟು ಅಗಲವಾಗಿ ಹರಡಿಕೊಂಡಿದೆಯೆಂದರೆ, ನನ್ನಾಕೆ ಮೊದಲ ದಿನವಿಡೀ ಅದನ್ನೇ ಸಮುದ್ರವೆಂದು ತಿಳಿದಿದ್ದಳು. ತುಂಗಭದ್ರೆ ತುಂಬಿ ಬಂದಾಗ ನೋಡಿದ ಕಣ್ಣು ಅದು. ಆದರೂ ಹೊಳೆಯೆಂದು ಒಪ್ಪಲಿಲ್ಲ.

ಮೊದಲ ಸಂಜೆಯ ಒಂದು ಪ್ರಸಂಗವನ್ನು ಹೇಳಲೇಬೇಕು. ಹಣ್ಣುಹಂಪಲು ಕೊಳ್ಳಲು ಒಂದು ಅಂಗಡಿಗೆ ಹೋದೆವು. ಹಣ ಕೊಡುವ ಸ್ಥಳದ ಮೇಲಿನ ಫಲಕವನ್ನು ಅಕ್ಷರ ಕೂಡಿಸಿ ಓದಿದೆ: 'ಪಗಾರ್' ಎಂದಿತ್ತು! ಪೋರ್ಚುಗೀಸಿನಲ್ಲಿ ಹಾಗೆಂದರೆ ಹಣ ಸಂದಾಯ ಮಾಡುವುದು. ಜೀವಮಾನವಿಡೀ ತಿಂಗಳ ಮೊದಲ ವಾರ "ಪಗಾರ ಆತೇನ್ರಿ ಸರ?" ಎಂದು ಒಬ್ಬರನ್ನೊಬ್ಬರು ಕೇಳಿಕೊಂಡ ನಮ್ಮ ಮಾಸ್ತರ ಕುಲದ ಆ ಮಾತು ಹುಟ್ಟಿದ ಮನೆ ಇದು! ಪಗಾರ ಒಂದೇ ಅಲ್ಲ. ಗಂಗಾವತಿಯ ಸಂತೆಯಲ್ಲಿ ನಾವು ಕೇಳುವ ಬಟಾಟಿ, ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಚಾವಿ, ಅಂಗಿಗೆ ಹಾಕಿಸುವ ಇಸ್ತ್ರಿ, ನನ್ನೆದುರಿಗಿರುವ ಈ ಮೇಜು, ಇವೆಲ್ಲವೂ ಅಲ್ಲಿಂದಲೇ ಹಡಗು ಹತ್ತಿ ಬಂದವು. ರೊಟ್ಟಿಯ ಜೊತೆಗೆ ನಂಚಿಕೊಳ್ಳುವ ಕೆಂಪು ಖಾರದ ಮೆಣಸಿನಕಾಯಿಯೂ ಅಮೆರಿಕದಿಂದ ಪೋರ್ಚುಗೀಸರ ಕೈಯಲ್ಲಿ ಬಂದದ್ದೆಂಬುದನ್ನು ನಾನು ತರಗತಿಯಲ್ಲಿ ಹೇಳಿದಾಗಲೆಲ್ಲ ಯಾರಾದರೊಬ್ಬರು ನಂಬದೆ ನಗುತ್ತಿದ್ದರು. ಊಟದ ವಿಷಯ ಮಾತ್ರ ಕೇಳಬೇಡಿ. ಬೆಲೆಂ ಎಂಬಲ್ಲಿ 1837ರಿಂದ ಮಾಡುತ್ತ ಬಂದಿರುವ ಪ್ರಸಿದ್ಧ ಸಿಹಿತಿನಿಸಿಗಾಗಿ ಜನ ಸಾಲುಗಟ್ಟಿ ನಿಂತಿದ್ದರು. ಮಗಳು ತಂದುಕೊಟ್ಟ ಆ ಬಿಸಿ ತಿನಿಸನ್ನು ನಾನು ಬಾಯಿಗಿಡುವಷ್ಟರಲ್ಲಿ, "ರೀ, ಇದರಾಗ ತತ್ತಿ ಐತಂತ!" ಎಂಬ ಅಶರೀರವಾಣಿ ಬಗಲಿನಿಂದಲೇ ಕೇಳಿಬಂತು. ಅಲ್ಲಿಗೆ ಅದು ಅಳಿಯನ ಪಾಲಾಯಿತು.

ಎರಡನೆಯ ದಿನ ಬೆಲೆಂಗೆ ಹೋದೆವು. ಲಿಸ್ಬನ್ನಿನ ಪಶ್ಚಿಮಕ್ಕಿರುವ ಈ ನದೀತೀರದಿಂದಲೇ ಗಾಮನ ಹಡಗುಗಳು 1497ರ ಜುಲೈನಲ್ಲಿ ಹೊರಟದ್ದು. ಈಗ ಅಲ್ಲಿ ಜೆರೋನಿಮೊಸ್ ಮಠವೆಂಬ ಬೃಹತ್ ಕಟ್ಟಡವಿದೆ. ದೊರೆ ಮೊದಲನೆಯ ಮ್ಯಾನುಯೆಲ್ ಹದಿನಾರನೆಯ ಶತಮಾನದ ಆರಂಭದಲ್ಲಿ ಕಟ್ಟಲಾರಂಭಿಸಿದ ಇದಕ್ಕೆ, ಪೂರ್ವದೇಶಗಳಿಂದ ಬರುವ ಸಾಂಬಾರ ಪದಾರ್ಥಗಳ ಆದಾಯದಲ್ಲಿ ಸುಮಾರು ಇಪ್ಪತ್ತರಲ್ಲೊಂದು ಪಾಲನ್ನು ತೆಗೆದಿರಿಸಲಾಗಿತ್ತಂತೆ. ಒಳಗಿನ ಕಂಬಗಳನ್ನು ನೋಡಿ ನನ್ನಾಕೆ ಥಟ್ಟನೆ "ವಿಠ್ಠಲ ಗುಡಿ" ಎಂದಳು. ಶಿಲ್ಪ ಬೇರೆ, ಶೈಲಿ ಬೇರೆ. ಆದರೆ ಕಲ್ಲನ್ನು ಎಲ್ಲಿಯೂ ಖಾಲಿ ಬಿಡಲಾರದ ಆ ಕೈಗಳ ಸಡಗರ ಒಂದೇ. ಹಗ್ಗದ ಹುರಿ, ಲಂಗರು, ಸಮುದ್ರದ ಪಾಚಿ, ಎಲ್ಲವನ್ನೂ ಸುಣ್ಣಕಲ್ಲಿನಲ್ಲಿ ಕಡೆದಿದ್ದಾರೆ. ಕೃಷ್ಣದೇವರಾಯನು ಹಂಪಿಯಲ್ಲಿ ಕಟ್ಟಿಸುತ್ತಿದ್ದ ವರ್ಷಗಳೂ ಇಲ್ಲಿ ಈ ಮಠ ಏಳುತ್ತಿದ್ದ ವರ್ಷಗಳೂ ಒಂದೇ ಎಂಬುದನ್ನು ನೆನೆದಾಗ, ಎರಡು ಬೇರೆ ಬೇರೆ ಪಾಠಗಳಲ್ಲಿ ನಾನು ಕಲಿಸಿದ್ದ ಈ ಇಬ್ಬರು ದೊರೆಗಳು ಮೊದಲ ಬಾರಿಗೆ ಒಂದೇ ಪುಟದ ಮೇಲೆ ಬಂದರು.

ಬಾಗಿಲ ಬಳಿಯೇ ಗಾಮನ ಸಮಾಧಿ. ಎದುರಿಗೆ ಕವಿ ಕಮೊಯಿಷ್‌ನ ಸಮಾಧಿ. ಗಾಮನು ಸತ್ತದ್ದು ಇಲ್ಲಲ್ಲ, 1524ರ ಕ್ರಿಸ್‌ಮಸ್ ಮುನ್ನಾದಿನ ನಮ್ಮ ಕೊಚ್ಚಿಯಲ್ಲಿ. ಮೊದಲು ಹೂಳಿದ್ದೂ ಅಲ್ಲಿಯೇ. ಎಲುಬುಗಳನ್ನು ಅನಂತರ ಪೋರ್ಚುಗಲ್ಲಿಗೆ ತಂದು, 1880ರಲ್ಲಿ ಈ ಮಠಕ್ಕೆ ಸಾಗಿಸಿದರು. ಮಲಗಿದ ಭಂಗಿಯಲ್ಲಿ ಕೈಮುಗಿದಿರುವ ಆ ಕಲ್ಲಿನ ಮೂರ್ತಿಯ ಮುಂದೆ ನಿಂತಾಗ ನನಗೆ ಭಕ್ತಿಯೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಮಲಬಾರಿನ ಕಡಲಿನಲ್ಲಿ ಹಜ್ ಯಾತ್ರಿಕರ ಹಡಗನ್ನು 1502ರಲ್ಲಿ ಸುಟ್ಟವನು ಇವನೇ ಎಂಬುದು ಗೊತ್ತಿದ್ದೂ, ಪಠ್ಯದಲ್ಲಿ ಇರಲಿಲ್ಲವೆಂಬ ಕಾರಣಕ್ಕೆ ಹಲವು ವರ್ಷ ಹೇಳದೆ ಬಿಟ್ಟಿದ್ದೇನೆ. 'ಜಲಮಾರ್ಗವನ್ನು ಕಂಡುಹಿಡಿದನು' ಎಂದು ಒಂದು ಅಂಕಕ್ಕೆ ಬರೆಯಿಸಿದ್ದೇನೆ. ಅವನಿಗೆ ಆಫ್ರಿಕದ ಪೂರ್ವ ಕರಾವಳಿಯಿಂದ ಕಲ್ಲಿಕೋಟೆಯವರೆಗೆ ದಾರಿ ತೋರಲು ಮಲಿಂದಿಯಲ್ಲಿ ಒಬ್ಬ ನಾವಿಕ ಸಿಕ್ಕನೆಂದ ಮೇಲೆ, ಆ ದಾರಿ ಅವನಿಗಿಂತ ಮೊದಲೇ ಯಾರಿಗೋ ಗೊತ್ತಿತ್ತಲ್ಲವೇ? ಆ ಯಾರಿಗೋ ಎಂಬುದಕ್ಕೆ ನಮ್ಮ ಪ್ರಶ್ನೆಪತ್ರಿಕೆಯಲ್ಲಿ ಅಂಕ ಇರಲಿಲ್ಲ.

ಮಠದಿಂದ ರಸ್ತೆ ದಾಟಿ ನದಿಯ ಕಡೆ ಹೋದರೆ ಹಡಗಿನ ಮೂತಿಯಾಕಾರದ ಒಂದು ದೊಡ್ಡ ಸ್ಮಾರಕವಿದೆ. ಐವತ್ತಾರು ಮೀಟರ್ ಎತ್ತರ. 1960ರಲ್ಲಿ, ಸಲಾಜಾರನ ಸರ್ವಾಧಿಕಾರದ ಕಾಲದಲ್ಲಿ ಎಬ್ಬಿಸಿದ್ದು. ಮರುವರ್ಷದ ಡಿಸೆಂಬರಿನಲ್ಲಿಯೇ ಗೋವೆ ಅವರ ಕೈತಪ್ಪಿತು. ಸ್ಮಾರಕದ ಮುಂದಿನ ನೆಲದಲ್ಲಿ ಬಣ್ಣದ ಅಮೃತಶಿಲೆಯಿಂದ ಪ್ರಪಂಚದ ಭೂಪಟವನ್ನು ಹಾಸಿ, ಪೋರ್ಚುಗೀಸರು ತಲುಪಿದ ಕರಾವಳಿಗಳಲ್ಲಿ ಇಸವಿಗಳನ್ನು ಕೊರೆದಿದ್ದಾರೆ. ಮಕ್ಕಳು ಖಂಡದಿಂದ ಖಂಡಕ್ಕೆ ಹಾರುತ್ತಿದ್ದರು. ನಾನು ಭೂಪಟದ ಮಾಸ್ತರ, ಸುಮ್ಮನಿರಲಾದೀತೇ? ಆಫ್ರಿಕವನ್ನು ಸುತ್ತಿ ನಡೆದು, ಭಾರತಕ್ಕೆ ಬಂದು, 1498ರ ಬಳಿ ನಿಂತೆ. ಆ ಕಲ್ಲಿನ ಕರಾವಳಿಯಿಂದ ಒಂದು ಗೇಣಿಗೂ ಕಡಿಮೆ ದೂರದಲ್ಲಿ ನಮ್ಮ ಗಂಗಾವತಿ, ಆನೆಗೊಂದಿಗಳು ಇರಬೇಕು. ಅಲ್ಲಿ ಏನೂ ಇರಲಿಲ್ಲ; ಬರಿಯ ನುಣುಪು ಕಲ್ಲು. ಬೂಟಿನ ತುದಿಯನ್ನು ಆ ಜಾಗಕ್ಕೆ ಇಟ್ಟು ಮಗಳನ್ನು ಕರೆದು, "ನೋಡು, ನಮ್ಮೂರು ಇಲ್ಲಿ" ಎಂದೆ. ನಗಲಿ ಎಂದು ಹೇಳಿದ ಮಾತು.

ಆಕೆ ನಗಲಿಲ್ಲ. ಒಂದು ಕ್ಷಣ ಬಿಟ್ಟು ಕೇಳಿದಳು: "ಅಪ್ಪಾ, ನಿಮಗ ಆ ಹರಿಗೋಲಿನ ಹುಡುಗಿ ನೆನಪದಾಳೇನು?"

ನನಗೆ ನೆನಪಿರಲಿಲ್ಲ. ಹೆಸರು ಹೇಳಿದಳು. ಆಗಲೂ ಹೊಳೆಯಲಿಲ್ಲ. ಇಪ್ಪತ್ತು ವರ್ಷದ ಹಿಂದಿನ ವಿದ್ಯಾರ್ಥಿಯ ಅಪ್ಪನ ಹೆಸರನ್ನೂ ಹೇಳಬಲ್ಲೆನೆಂದು ನಿಮ್ಮೆಲ್ಲರೆದುರು ಜಂಬ ಕೊಚ್ಚಿಕೊಂಡವನು ನಾನು. ಅದಕ್ಕಾಗಿಯೇ ಇದನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ.

ಮಗಳು ಹೇಳಿದ್ದಿಷ್ಟು. ಹತ್ತನೆಯ ತರಗತಿಯಲ್ಲಿ ವಿಜಯನಗರದ ಪಾಠ. ಪಠ್ಯದಲ್ಲಿ 'ವಿದೇಶಿ ಪ್ರವಾಸಿಗರು' ಎಂಬ ಭಾಗಕ್ಕೆ ನಾಲ್ಕೇ ಸಾಲು. ನಾನು ಎಂದಿನಂತೆ ನನ್ನ ಹಳೆಯ ಟಿಪ್ಪಣಿ ಪುಸ್ತಕ ತೆರೆದಿದ್ದೆ. ರಾಬರ್ಟ್ ಸೀವೆಲ್‌ರ 1900ರ ಇಂಗ್ಲಿಷ್ ಪುಸ್ತಕದಿಂದ ಡೊಮಿಂಗೊ ಪಯೆಸ್‌ನ ಬರವಣಿಗೆಯನ್ನು ನಾನೇ ಕನ್ನಡಿಸಿಕೊಂಡಿದ್ದ ಟಿಪ್ಪಣಿಗಳವು. 1520ರ ಹೊತ್ತಿಗೆ ವಿಜಯನಗರವನ್ನು ಕಂಡ ಪಯೆಸ್, ಪಟ್ಟಣವನ್ನು ರೋಮ್‌ಗೆ ಹೋಲಿಸಿದ್ದಾನೆ. ರಾಯನ ಮುಖದ ಮೇಲಿನ ಸಿಡುಬಿನ ಕಲೆಯನ್ನೂ ಬಿಡದೆ ಬರೆದಿದ್ದಾನೆ. ಹಾಗೆಯೇ, ಜನ ಹೊಳೆ ದಾಟಿ ಆನೆಗೊಂದಿಗೆ ಹೋಗುವ ಬುಟ್ಟಿಯಂಥ ದುಂಡು ದೋಣಿಗಳ ವಿಷಯವನ್ನೂ ಬರೆದಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ; ಹದಿನೈದಿಪ್ಪತ್ತು ಮಂದಿ ಹಿಡಿಯುತ್ತಾರೆ; ಬೇಕಾದರೆ ಕುದುರೆ, ಎತ್ತುಗಳನ್ನೂ ಸಾಗಿಸಬಹುದು ಎಂಬುದು ಅವನ ವಿವರಣೆಯ ಸಾರಾಂಶ. ನಾನು ಅದನ್ನು ಓದುತ್ತಿದ್ದಂತೆ ಹಿಂದಿನ ಸಾಲಿನಿಂದ ಆ ಹುಡುಗಿ ಎದ್ದುನಿಂತಳಂತೆ. ಅವಳ ತಂದೆ ಆನೆಗೊಂದಿಯ ಕಡವಿನಲ್ಲಿ ಹರಿಗೋಲು ಹಾಕುತ್ತಿದ್ದವರು. "ಸರ, ನಮ್ಮಪ್ಪಂದೂ ಹಂಗ ಐತ್ರಿ. ಚರ್ಮ ಇಲ್ಲ, ಪ್ಲಾಸ್ಟಿಕ್ ಹಾಳಿ, ಡಾಂಬರ. ಪರದೇಶದಾಂವ ಬಂದು ಬರದಾನ. ನಮ್ಮೋರು ಯಾರೂ ಬರದಿಲ್ಲೇನ್ರಿ ಸರ?"

ನಾನು ಹೇಳಿದ ಉತ್ತರವನ್ನು ಮಗಳು ಅಕ್ಷರಶಃ ನೆನಪಿಟ್ಟುಕೊಂಡಿದ್ದಳು. "ಅದು ಪರೀಕ್ಷೆಗೆ ಬರೂದಿಲ್ಲ. ಕೂಡು."

ತರಗತಿ ನಕ್ಕಿತಂತೆ. ನಾನೂ ನಕ್ಕೆನಂತೆ. ಆ ಹುಡುಗಿ ಮತ್ತೆ ವರ್ಷವಿಡೀ ನನ್ನ ತರಗತಿಯಲ್ಲಿ ಎದ್ದು ನಿಂತು ಏನನ್ನೂ ಕೇಳಲಿಲ್ಲವೆಂದು ಮಗಳು ಹೇಳಿದಳು. "ನಾನು ಆಗ ನಿಮ್ಮ ಮಗಳಾಗಿ ಏನೂ ಅನ್ನಲಿಕ್ಕೆ ಆಗಲಿಲ್ಲ. ಸ್ಕೂಲಿನಾಗ ನಿಮಗ ಸರ್ ಅಂತಿದ್ನೆಲ್ಲ," ಎಂದಳು. ಆ ಬಿಸಿಲಿನಲ್ಲಿ, ಆ ಕಲ್ಲಿನ ಭೂಪಟದ ಮೇಲೆ, ಮೊದಲ ದಿನದ ಪಾಠ ಒಪ್ಪಿಸಲು ಬಾರದ ತರಬೇತಿ ವಿದ್ಯಾರ್ಥಿಯಂತೆ ನಿಂತೆ. ಮಗುವಿನ ಕುತೂಹಲಕ್ಕೆ ಪೆಟ್ಟು ಕೊಡಬಾರದೆಂದು ಬಿ.ಎಡ್.ನಲ್ಲಿ ಪುಟಗಟ್ಟಲೆ ಬರೆದು ಅಂಕ ಪಡೆದವನು ನಾನು.

ಅಲ್ಲಿಂದ ಮುಂದೆ ನೋಡಿದ್ದನ್ನೆಲ್ಲ ಆ ಪ್ರಶ್ನೆಯನ್ನು ಹೊತ್ತುಕೊಂಡೇ ನೋಡಿದೆ.

ಸ್ಮಾರಕದಿಂದ ನದೀತೀರದಲ್ಲಿಯೇ ಮುಂದೆ ನಡೆದರೆ ಬೆಲೆಂ ಗೋಪುರ. ಬಂದರಿನ ಕಾವಲಿಗೆಂದು 1514ರ ಸುಮಾರಿಗೆ ಕಟ್ಟಲಾರಂಭಿಸಿದ ಪುಟ್ಟ ಕೋಟೆಯದು. ಅದರ ಒಂದು ಬುರುಜಿನ ಕೆಳಗೆ ಒಂದು ಪ್ರಾಣಿಯ ತಲೆಯಿದೆ. ಉಪ್ಪುಗಾಳಿಗೆ ಸವೆದು ಮೊಂಡಾಗಿದೆ. ಹೇಳಿಕೊಟ್ಟರಷ್ಟೇ ಘೇಂಡಾಮೃಗವೆಂದು ತಿಳಿಯುತ್ತದೆ. ಅದು ಗುಜರಾತಿನ ಸುಲ್ತಾನ ಮುಜಫರ್ ಷಾ ಗೋವೆಯ ಅಲ್ಬುಕರ್ಕ್‌ಗೆ ಉಡುಗೊರೆಯಾಗಿ ಕೊಟ್ಟ ಪ್ರಾಣಿ. ಅಲ್ಬುಕರ್ಕ್ ಅದನ್ನು ಹಡಗಿಗೆ ಹತ್ತಿಸಿ ತನ್ನ ದೊರೆಗೆ ಕಳುಹಿಸಿದ. 1515ರ ಮೇ ತಿಂಗಳಲ್ಲಿ ಲಿಸ್ಬನ್ನಿಗೆ ಬಂದಿಳಿಯಿತು. ದೊರೆ ಅದನ್ನೊಂದು ಆನೆಯ ಎದುರು ಬಿಟ್ಟು ನೋಡಿದನಂತೆ, ಆನೆ ಓಡಿಹೋಯಿತಂತೆ. ಬಳಿಕ ಪೋಪ್‌ರಿಗೆ ಕಾಣಿಕೆಯಾಗಿ ಕಳುಹಿಸಿದಾಗ ಹಡಗು ಇಟಲಿಯ ತೀರದಲ್ಲಿ ಮುಳುಗಿ ಆ ಬಡಜೀವ ಸತ್ತಿತು.

ನೋಡುತ್ತ ನಿಂತಾಗ ಹಂಪಿಯ ಹಜಾರರಾಮ ದೇವಾಲಯದ ಹೊರಗೋಡೆ ಕಣ್ಣಮುಂದೆ ಬಂತು. ಎಷ್ಟು ಸಲ ನಿಮ್ಮನ್ನು ಸಾಲಾಗಿ ನಿಲ್ಲಿಸಿ ತೋರಿಸಿದ್ದೇನೆ! ಕೆಳಗಿನ ಸಾಲಿನಲ್ಲಿ ಆನೆಗಳು, ಅದರ ಮೇಲೆ ಕುದುರೆಗಳು, ಕುದುರೆಗಳ ಬಗಲಿಗೆ ಅವನ್ನು ಹಿಡಿದು ನಡೆಸುವ ಆಳುಗಳು. ಆ ಗುಡಿ ಹದಿನೈದನೆಯ ಶತಮಾನದ ಮೊದಲ ಭಾಗದ್ದು. ಗಾಮ ಹುಟ್ಟುವ ಮೊದಲಿನದು. ಆಗ ಕುದುರೆಗಳನ್ನು ಕಡಲು ದಾಟಿಸಿ ತರುತ್ತಿದ್ದವರು ಅರಬರು. ನಮ್ಮ ಒಣಭೂಮಿಯಲ್ಲಿ ಹುಟ್ಟದ ಪ್ರಾಣಿ ನಮ್ಮ ಕಲ್ಲಿನಲ್ಲಿ, ತಮ್ಮ ನಾಡಿನಲ್ಲಿ ಹುಟ್ಟದ ಪ್ರಾಣಿ ಅವರ ಕಲ್ಲಿನಲ್ಲಿ! ನಮ್ಮವರು ಯಾರೂ ಬರೆಯಲಿಲ್ಲವೇ ಎಂದು ಕೇಳಿದವಳಿಗೆ, ಉಳಿಯಿಂದ ಬರೆದಿದ್ದಾರಲ್ಲವ್ವಾ ಎಂದಾದರೂ ಹೇಳಬಹುದಿತ್ತು. ಹೊಳೆಯಾಚೆಯ ಗೋಡೆ ಅದು. ಅವಳ ಅಪ್ಪನ ಹರಿಗೋಲಿನಲ್ಲಿಯೇ ದಾಟಿ ಹೋಗಿ ತೋರಿಸಬಹುದಿತ್ತು.

ಕುದುರೆಯ ಮಾತು ಬಂದಿತಾದ್ದರಿಂದ ಫೆರ್ನಾವೊ ನೂನಿಜನನ್ನು ಇಲ್ಲಿಯೇ ನೆನೆಯಬೇಕು. 1535ರಿಂದ 1537ರ ಸುಮಾರಿಗೆ ವಿಜಯನಗರದಲ್ಲಿದ್ದ ಇವನು ಕುದುರೆ ವ್ಯಾಪಾರಿ. ಇಪ್ಪತ್ತು ಸಲ ಅವನ ಹೆಸರು ಬರೆಯಿಸುವಾಗಲೂ ನಾನು ಅವನನ್ನು 'ಪ್ರವಾಸಿ' ಎಂದೇ ಕರೆದೆ, ಊರು ನೋಡಲು ಬಂದ ನೆಂಟನ ಹಾಗೆ. ಅವನು ಬಂದದ್ದು ಸರಕಿನ ಬೆನ್ನುಹತ್ತಿ. ರಾಯರು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದರೆಂದು ಅವನೇ ಲೆಕ್ಕ ಹೇಳುತ್ತಾನೆ. ಸಾಳುವ ನರಸಿಂಹನ ಕಾಲದಲ್ಲಿ ಕಡಲಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಪೂರ್ತಿ ಬೆಲೆ ಸಿಗುತ್ತಿತ್ತೆಂಬ ಅವನ ಕಥೆಗೆ ನೀವೆಲ್ಲ ಬಿದ್ದು ಬಿದ್ದು ನಕ್ಕದ್ದು ನನಗೆ ಚೆನ್ನಾಗಿ ನೆನಪಿದೆ. ಆ ಹಣ ಎಲ್ಲಿಂದ ಬಂತೆಂದು ಮಾತ್ರ ನಾವು ಕೇಳಿಕೊಳ್ಳಲಿಲ್ಲ. ಗಂಗಾವತಿ ಸೀಮೆಯ ಗದ್ದೆಗಳಿಗೆ ಈಗಲೂ ನೀರುಣಿಸುತ್ತಿರುವ ಆನೆಗೊಂದಿ ಕಾಲುವೆ, ಮೇಲ್ಗಂಗಾವತಿ, ಕೆಳಗಂಗಾವತಿ ಕಾಲುವೆಗಳು ಆ ಕಾಲದವೇ. ಭತ್ತ ಬೆಳೆದವರ ತೆರಿಗೆ ಕುದುರೆಯ ಬಾಲವಾಗಿ, ಗೋವೆಯ ಸುಂಕವಾಗಿ, ಲಿಸ್ಬನ್ನಿನ ಕಲ್ಲುಹಗ್ಗವಾಗಿ ಸುತ್ತಿ ಬಂದಿದೆ. ಮೆಣಸಿನ ಹಣವೇ ಹೆಚ್ಚಿನದು, ಒಪ್ಪುತ್ತೇನೆ. ಆದರೆ ಆ ಮಠದ ಒಂದಾದರೂ ಕಲ್ಲು ನಮ್ಮ ಎಡದಂಡೆಯ ಭತ್ತದ್ದೆಂದು ನನ್ನ ಲೆಕ್ಕ. ಇತಿಹಾಸಕಾರರು ಒಪ್ಪದಿದ್ದರೆ ಬಿಡಲಿ.

ಮೂರನೆಯ ದಿನ ನಗರದ ನಡುವಿನ ದೊಡ್ಡ ಚೌಕಕ್ಕೆ ಹೋದೆವು. ಮೂರು ಕಡೆ ಹಳದಿ ಬಣ್ಣದ ಕಮಾನು ಸಾಲು, ನಾಲ್ಕನೆಯ ಕಡೆ ನದಿ. ಅದರ ಅಧಿಕೃತ ಹೆಸರು ವ್ಯಾಪಾರದ ಚೌಕ. ಆದರೆ ಊರವರು ಇಂದಿಗೂ ಅದನ್ನು 'ಅರಮನೆಯ ಅಂಗಳ' ಎಂಬರ್ಥದ ಹಳೆಯ ಹೆಸರಿನಿಂದಲೇ ಕರೆಯುತ್ತಾರೆ. ಅಲ್ಲಿ ಅರಮನೆಯಿಲ್ಲ! 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಿಗ್ಗೆ ಜನ ಇಗರ್ಜಿಗಳಲ್ಲಿ ತುಂಬಿದ್ದಾಗ ಭೂಮಿ ನಡುಗಿತು. ಓಡಿ ಬಂದು ನದೀತೀರದಲ್ಲಿ ನಿಂತವರ ಮೇಲೆ ಕಡಲು ಏರಿ ಬಂತು. ಉಳಿದದ್ದನ್ನು ದಿನಗಟ್ಟಲೆ ಬೆಂಕಿ ತಿಂದಿತು. ಪಯೆಸ್ ಮತ್ತು ನೂನಿಜರ ಕಾಲದ ಅರಸನ ಮನೆ, ಪೂರ್ವದ ವ್ಯಾಪಾರವನ್ನೆಲ್ಲ ನಡೆಸುತ್ತಿದ್ದ 'ಕಾಸಾ ದ ಇಂಡಿಯಾ' ಎಂಬ ಕಚೇರಿ, ಅದರ ಕಾಗದಪತ್ರಗಳು, ಎಲ್ಲವೂ ಅದೇ ದಿನ ಹೋದವು. ನಮ್ಮಲ್ಲಿಯೂ ಹಾಗೆಯೇ ಅಲ್ಲವೇ? ಹಂಪಿಯಲ್ಲಿ ಬರಿಯ ಅಡಿಪಾಯ ತೋರಿಸಿ ಇದು ಅರಮನೆ ಎನ್ನುತ್ತೇವೆ. ಅವರ ಅಂಗಳ ಹೋದದ್ದು ದೈವದಿಂದ. ನಮ್ಮದು 1565ರಲ್ಲಿ ಮನುಷ್ಯರಿಂದ. ಸ್ವಲ್ಪ ಮೇಲೆ, ಬೆಟ್ಟದ ಮೇಲಿನ ಕಾರ್ಮೊ ಎಂಬ ಇಗರ್ಜಿಗೆ ಇಂದಿಗೂ ಛಾವಣಿಯಿಲ್ಲ. ಬಿದ್ದ ಛಾವಣಿಯನ್ನು ಮತ್ತೆ ಹೊದಿಸದೆ ಹಾಗೆಯೇ ಬಿಟ್ಟಿದ್ದಾರೆ. ಎಲುಬಿನಂಥ ಕಮಾನುಗಳ ನಡುವೆ ಆಕಾಶ. ಅಲ್ಲಿ ಕುಳಿತಾಗ ಪರದೇಶದಲ್ಲಿದ್ದೇನೆಂಬುದು ಮರೆತೇಹೋಯಿತು.

ಆ ಚೌಕದ ನಡುವೆ ದೊರೆ ಮೊದಲನೆಯ ಜೋಸೆ ಕುದುರೆಯ ಮೇಲೆ ಕುಳಿತಿದ್ದಾನೆ. ಕಟ್ಟೆಯ ಒಂದು ಪಕ್ಕಕ್ಕೆ ಕಲ್ಲಿನ ಆನೆ, ಇನ್ನೊಂದು ಪಕ್ಕಕ್ಕೆ ಕಲ್ಲಿನ ಕುದುರೆ. ಅದನ್ನು ಕಂಡು ನಾನು ಮತ್ತೆ ಪಾಠ ಆರಂಭಿಸಿದೆನೆಂದು ನನ್ನಾಕೆ ದೂರ ಹೋಗಿ ನೀರಿನ ಮೆಟ್ಟಿಲ ಮೇಲೆ ಕುಳಿತಳು.

ಪಾಠವೆಂದರೆ ಇದು. ಪಯೆಸ್, ನೂನಿಜರ ಬರಹಗಳನ್ನು ಗೋವೆಯಿಂದ ಒಬ್ಬನು ಕಾಗದದೊಂದಿಗೆ ಇಲ್ಲಿಗೆ ಕಳುಹಿಸಿದ. ಬಿಸ್ನಗದ ವಿಷಯ ತಿಳಿಯಬೇಕೆಂದು ಇಲ್ಲಿದ್ದ ಒಬ್ಬರು ಕೇಳಿದ್ದರು. ಬಿಸ್ನಗವೆಂದರೆ ವಿಜಯನಗರ. ಕೇಳಿದವನು ಕಾಸಾ ದ ಇಂಡಿಯಾದ ಅಧಿಕಾರಿಯೂ ಇತಿಹಾಸಕಾರನೂ ಆದ ಜೊವಾವೊ ಡಿ ಬಾರೋಸ್ ಇರಬೇಕೆಂದು ಊಹಿಸಲಾಗಿದೆ. ಆ ಹಸ್ತಪ್ರತಿ ಹೇಗೋ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯವನ್ನು ಸೇರಿತ್ತು. ಲಿಸ್ಬನ್ನಿನ ವಿದ್ವಾಂಸ ಡೇವಿಡ್ ಲೋಪೆಸ್ ಅದನ್ನು 1897ರಲ್ಲಿ ಅಚ್ಚುಹಾಕಿಸಿದರು. ಮೂರು ವರ್ಷಕ್ಕೆ ಸೀವೆಲ್ ಇಂಗ್ಲಿಷಿಗೆ ತಂದರು. ನಮ್ಮ ಹರಿಗೋಲು ಆನೆಗೊಂದಿಯಿಂದ ಹೊರಟು ಗೋವೆ, ಲಿಸ್ಬನ್, ಪ್ಯಾರಿಸ್, ಲಂಡನ್ನುಗಳನ್ನು ಸುತ್ತಿಕೊಂಡು, ನನ್ನ ಟಿಪ್ಪಣಿ ಪುಸ್ತಕದ ಮೂಲಕ ಅದೇ ಅಂಬಿಗನ ಮಗಳ ಕಿವಿಗೆ ಮರಳಿ ಬಂದಿತ್ತು. ಅದಕ್ಕೆ ನಾನು "ಕೂಡು" ಎಂದೆ.

"ಅಂದರ ಅಪ್ಪಾ, ಅಕಿ ಕೇಳಿದ್ದು ಖರೇನ ಏನು? ನಮ್ಮೋರು ಬರೀಲೇ ಇಲ್ಲೇನು?" ಎಂದು ಮಗಳು ಕೇಳಿದಳು.

ಬರೆದರು ಎಂದೆ. ಕೃಷ್ಣದೇವರಾಯನೇ ತನ್ನ ತೆಲುಗು ಕಾವ್ಯ 'ಆಮುಕ್ತಮಾಲ್ಯದ'ದಲ್ಲಿ, ಅರಸನು ಬಂದರುಗಳನ್ನು ಚೆನ್ನಾಗಿಟ್ಟು, ಆನೆ ಕುದುರೆಗಳನ್ನು ತರುವ ಪರದೇಶದ ವರ್ತಕರಿಗೆ ಆದರ ತೋರಬೇಕೆಂಬ ನೀತಿ ಹೇಳಿದ್ದಾನೆ. ಕನಕದಾಸರ 'ಮೋಹನತರಂಗಿಣಿ'ಯ ದ್ವಾರಕೆಯಲ್ಲಿ ಕಾಣುವುದು ವಿಜಯನಗರವೇ ಎಂದು ವಿದ್ವಾಂಸರು ಹೇಳುತ್ತಾರೆ. ನಮ್ಮ ಕೊಪ್ಪಳದ ಗವಿಮಠದ ಬಂಡೆಯ ಮೇಲೆ ಅಶೋಕನ ಕಾಲದ ಬರಹವೇ ಇದೆ. ತಿರುಳ್ಗನ್ನಡದ ಸೀಮೆಯನ್ನು ಹೇಳುವಾಗ 'ಕವಿರಾಜಮಾರ್ಗ' ನಮ್ಮ ಕೊಪಣವನ್ನು ಹೆಸರಿಸಿದೆ. ಹೀಗೆಲ್ಲ ಹೇಳುತ್ತ ಹೋದೆ. ಹೇಳುತ್ತಿದ್ದಂತೆ ನನಗೇ ತೃಪ್ತಿಯಾಗಲಿಲ್ಲ. ಆಕೆ ಕೇಳಿದ್ದು ಅರಸರನ್ನಲ್ಲ, ಹರಿಗೋಲನ್ನು.

ಅಷ್ಟರಲ್ಲಿ ನದಿಯಾಚೆಯ ಊರಿಗೆ ಹೋಗುವ ಒಂದು ದೋಣಿ ದಂಡೆ ಬಿಟ್ಟಿತು. ಕೆಲಸದಿಂದ ಮನೆಗೆ ಹೊರಟ ಜನ ಅದರ ತುಂಬ ನಿಂತಿದ್ದರು. ಮೆಟ್ಟಿಲ ಮೇಲೆ ಕುಳಿತಿದ್ದ ನನ್ನಾಕೆ ಅದನ್ನೇ ನೋಡುತ್ತ, ತನ್ನಷ್ಟಕ್ಕೆ ತಾನು ಪುರಂದರದಾಸರ ಒಂದು ಕೀರ್ತನೆಯನ್ನು ಗುನುಗುತ್ತಿದ್ದಳು. ದೇವರನ್ನೇ ಅಂಬಿಗನೆಂದು ಕರೆದು, ನಿನ್ನನ್ನೇ ನಂಬಿದ್ದೇನೆ ದಾಟಿಸಪ್ಪಾ ಎನ್ನುವ ಆ ಹಾಡು ನಿಮಗೆಲ್ಲ ಗೊತ್ತು. ನಮ್ಮ ಶಾಲೆಯಲ್ಲಿ ಶನಿವಾರದ ಪ್ರಾರ್ಥನೆಗೆ ನೀವೇ ಹಾಡಿದ್ದೀರಿ. ಅದರಲ್ಲಿ ತುಂಬಿದ ಹರಿಗೋಲಿದೆ, ಅದರ ತೂತುಗಳಿವೆ, ಹೊಳೆಯ ಸೆಳೆತವಿದೆ. ಪುರಂದರದಾಸರು ಪಯೆಸ್‌ನ ಸಮಕಾಲೀನರು. ವಿಠ್ಠಲ ದೇವಾಲಯದ ಹತ್ತಿರ, ಹೊಳೆಯ ದಂಡೆಯಲ್ಲಿರುವ ಪುರಂದರ ಮಂಟಪದಿಂದ ಆನೆಗೊಂದಿಯ ಕಡವು ದೂರವೇನಲ್ಲ. ಪಯೆಸ್ ಹರಿಗೋಲನ್ನು ಅಳೆದು, ಎಷ್ಟು ಮಂದಿ ಹಿಡಿಯುತ್ತಾರೆಂದು ಎಣಿಸಿ ಬರೆದ. ಅದೇ ಹೊಳೆಯ ಮೇಲೆ ಅದೇ ಕಾಲದಲ್ಲಿ ದಾಸರು ಅದರಲ್ಲಿ ಕುಳಿತು ಹೆದರಿದವನ ಮಾತನ್ನು ಬರೆದರು.

ಉತ್ತರ ಆ ತರಗತಿಯ ಪ್ರತಿಯೊಂದು ಮಗುವಿನ ಬಾಯಲ್ಲಿತ್ತು. ಶನಿವಾರದ ಹಾಡನ್ನು ಸೋಮವಾರದ ಇತಿಹಾಸಕ್ಕೆ ತಂದುಕೊಡುವಷ್ಟು ಬುದ್ಧಿ ಮಾಸ್ತರನಿಗೆ ಇರಲಿಲ್ಲ. ಅವಳು ಎದ್ದುನಿಂತು ಕೇಳಿದಾಗ, ನಿನ್ನಪ್ಪನ ಹರಿಗೋಲಿನ ಮೇಲೆ ದಾಸರು ಪದ ಕಟ್ಟಿದ್ದಾರೆ ನೋಡವ್ವಾ, ಹಾಡು ಎಂದಿದ್ದರೆ ಮುಗಿದುಹೋಗುತ್ತಿತ್ತು.

ನಾವೂ ಮರುದಿನ ಬೆಳಿಗ್ಗೆ, ವಿಮಾನಕ್ಕೆ ಹೋಗುವ ಮೊದಲು, ಹತ್ತು ನಿಮಿಷದ ಆ ದೋಣಿ ಪ್ರಯಾಣ ಮಾಡಿ ಆಚೆಯ ದಂಡೆಗೆ ಹೋಗಿ ಬಂದೆವು. ಆಚೆ ನೋಡುವಂಥದ್ದೇನೂ ಇರಲಿಲ್ಲ.

ಊರಿಗೆ ಬಂದ ಮೇಲೆ ಒಂದು ದಿನ ಆನೆಗೊಂದಿಗೆ ಹೋದೆ. ಈಗ ಕಡೆಬಾಗಿಲು ಮತ್ತು ಬುಕ್ಕಸಾಗರದ ನಡುವೆ ಸೇತುವೆಯಾಗಿರುವುದರಿಂದ ಹೊಳೆ ದಾಟಲು ಹರಿಗೋಲನ್ನು ಕಾಯುವವರು ಕಡಿಮೆ. ಇರುವ ಹರಿಗೋಲುಗಳು ಬಹುಮಟ್ಟಿಗೆ ಪ್ರವಾಸಿಗರನ್ನು ಕೂರಿಸಿಕೊಂಡು ಗಿರಗಿರನೆ ತಿರುಗಿಸುತ್ತವೆ. ಕಡವಿನಲ್ಲಿದ್ದ ಒಬ್ಬ ಹಿರಿಯರನ್ನು ವಿಚಾರಿಸಿದೆ. ಅವಳ ತಂದೆ ತೀರಿಕೊಂಡು ಬಹಳ ವರ್ಷವಾಯಿತಂತೆ. ಹುಡುಗಿಯನ್ನು ಕುಷ್ಟಗಿಯ ಕಡೆ ಕೊಟ್ಟಿದ್ದರೆಂದು ಒಬ್ಬರು, ಅಲ್ಲ ಯಲಬುರ್ಗಾದ ಕಡೆಗೆಂದು ಇನ್ನೊಬ್ಬರು. ಎರಡೂ ಕಡೆ ವಿಚಾರಿಸಿದೆ, ಪತ್ತೆ ಹತ್ತಲಿಲ್ಲ. ಅವಳ ಹೆಸರನ್ನು ಇಲ್ಲಿ ಬರೆಯುವುದು ತರವಲ್ಲ.

2001ರ ಆಸುಪಾಸಿನಲ್ಲಿ ಹತ್ತನೆಯ ತರಗತಿಯಲ್ಲಿದ್ದವರು ನಿಮ್ಮಲ್ಲಿ ಹಲವರು ಇದನ್ನು ಓದುತ್ತೀರಿ. ಆ ದಿನ ನಕ್ಕವರಿಗೆ ಅವಳು ಯಾರೆಂದು ಈಗಾಗಲೇ ನೆನಪಾಗಿರಬೇಕು. ಅವಳ ಸುಳಿವು ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ನನಗೊಂದು ಮಾತು ತಿಳಿಸಿ. ಪಯೆಸ್‌ನ ಆ ಟಿಪ್ಪಣಿ ಪುಸ್ತಕ ನನ್ನ ಬಳಿ ಇನ್ನೂ ಇದೆ. ಅದರ ಕೊನೆಯ ಪುಟದಲ್ಲಿ ಪುರಂದರದಾಸರ ಆ ಕೀರ್ತನೆಯನ್ನು ಪೂರ್ತಿಯಾಗಿ ಬರೆದಿಟ್ಟಿದ್ದೇನೆ. ಅದನ್ನು ಅವಳಿಗೆ ಕೊಡಬೇಕಾಗಿದೆ.